ಹಸಿದ ಸ್ಲಡ್ಜ್, ಸತ್ತ ಸ್ಲಡ್ಜ್: ಅಪಾರ್ಟ್‌ಮೆಂಟ್ ಎಸ್‌ಟಿಪಿಯ ದೋಷ ಪತ್ತೆ ಮತ್ತು ನಿವಾರಣೆ

ಎಸ್‌ಟಿಪಿ, ಅಂದರೆ ಕೊಳಚೆ ನೀರು ಸಂಸ್ಕರಿಸುವ ಪ್ಲಾಂಟ್, ಇರುವ ಕಡೆಯಿಂದ ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ: ಸಂಸ್ಕರಿಸಿದ ನೀರು ಮಬ್ಬಾಗಿದೆ, ಫ್ಲಶ್ ಟ್ಯಾಂಕಿನ ತಳದಲ್ಲಿ ಕಂದು ಹುಡಿ ಕೂರುತ್ತಿದೆ. ಪ್ಲಾಂಟಿಗೆ ಇಳಿದು ನೋಡಿದರೆ ಗಾಳಿ ಊದುವ ಬ್ಲೋವರ್ ಸರಿಯಾಗಿ ಓಡುತ್ತಿರುತ್ತದೆ, ಡಿಫ್ಯೂಸರ್‌ಗಳಿಂದ ಗುಳ್ಳೆ ಏಳುತ್ತಿರುತ್ತದೆ, ಏರೇಶನ್ ಟ್ಯಾಂಕಿನಲ್ಲಿ (ಕೊಳಚೆಗೆ ಗಾಳಿ ಕೊಡುವ ತೊಟ್ಟಿ) ಕರಗಿದ ಆಮ್ಲಜನಕ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳ ಕೆಸರಾದ ಸ್ಲಡ್ಜಿಗೂ ಬರವಿಲ್ಲ. ಎಲ್ಲವೂ ಇದ್ದು ನೀರು ಮಾತ್ರ ತಿಳಿಯಾಗುವುದಿಲ್ಲ. ಈ ಹಂತದಲ್ಲಿ ಯಾರಾದರೂ ‘ಕಲ್ಚರ್ ಸತ್ತಿದೆ’, ಅಂದರೆ ಆ ಬ್ಯಾಕ್ಟೀರಿಯಾ ಬಳಗವೇ ಸತ್ತಿದೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮರುದಿನ ಬ್ಯಾಕ್ಟೀರಿಯಾ ಪುಡಿಯ ಡಬ್ಬಿ ಬರುತ್ತದೆ, ಇಲ್ಲವೇ ಒಂದು ಬುಟ್ಟಿ ಸಗಣಿ, ಜೊತೆಗೆ ಬೆಲ್ಲ.

ಅರ್ಧದಷ್ಟೇ ಮನೆಗಳು ತುಂಬಿರುವ ಹೊಸ ಅಪಾರ್ಟ್‌ಮೆಂಟ್, ರಜೆಯಲ್ಲಿ ಖಾಲಿಯಾಗುವ ಹಾಸ್ಟೆಲ್, ವಾರದಲ್ಲಿ ಎರಡೇ ದಿನ ಜನ ಬರುವ ಕಚೇರಿ ಸಂಕೀರ್ಣ: ಇಂಥ ಕಡೆ ಕಲ್ಚರ್ ಸತ್ತಿರುವುದು ಅಪರೂಪ. ಅದು ಹಸಿದಿರುತ್ತದೆ. ಹೊರಗಿನಿಂದ ಆಹಾರ ಸಾಲದೆ, ತನ್ನೊಳಗೆ ಕೂಡಿಟ್ಟುಕೊಂಡದ್ದನ್ನು ಸುಟ್ಟು ಉಸಿರಾಡುತ್ತಿರುತ್ತದೆ. ಟ್ಯಾಂಕಿನ ಅಂಚಿನಲ್ಲಿ ನಿಂತು ನೋಡುವವನಿಗೆ ಹಸಿದ ಸ್ಲಡ್ಜೂ ಸತ್ತ ಸ್ಲಡ್ಜೂ ಒಂದೇ ತೆರನಾಗಿ ಕಾಣುತ್ತವೆ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ: ಸತ್ತಿದ್ದರೆ ಸ್ಲಡ್ಜ್ ತಂದು ಹಾಕಬೇಕು, ಹಸಿದಿದ್ದರೆ ಇರುವುದನ್ನೇ ತೆಗೆಯಬೇಕು. ಎರಡನ್ನೂ ಬೇರ್ಪಡಿಸಲು ಒಂದು ಬಾಟಲಿ, ಒಂದು ಡಿಒ (ಕರಗಿದ ಆಮ್ಲಜನಕ) ಮೀಟರ್ ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು.

ಜೀವಕೋಶದ ಒಳಗೆ

ಆಹಾರ ಹೇರಳವಾಗಿದ್ದಾಗ ಬ್ಯಾಕ್ಟೀರಿಯಾ ಅಷ್ಟನ್ನೂ ಬೆಳವಣಿಗೆಗೆ ಬಳಸುವುದಿಲ್ಲ. ಒಂದು ಪಾಲನ್ನು ಗ್ಲೈಕೋಜನ್ ಆಗಿ, ಇನ್ನೊಂದು ಪಾಲನ್ನು ಪಿಎಚ್‌ಬಿ ಎಂಬ ಪಾಲಿಮರ್ ಕಣಗಳಾಗಿ ಕೂಡಿಡುತ್ತದೆ. ಈ ಪಿಎಚ್‌ಬಿಯನ್ನು 1920ರ ದಶಕದಲ್ಲಿ ಬ್ಯಾಸಿಲಸ್ ಮೆಗಟೇರಿಯಂ ಜೀವಕೋಶಗಳಲ್ಲಿ ಗುರುತಿಸಿದವನು ಫ್ರಾನ್ಸಿನ ಮಾರಿಸ್ ಲೆಮ್ವಾನ್ಯ. ಕೆಲವು ಜಾತಿಗಳು ರಂಜಕವನ್ನೂ ಪಾಲಿಫಾಸ್ಫೇಟ್ ಸರಪಣಿಗಳಾಗಿ ಸುತ್ತಿಡುತ್ತವೆ. ಊಟ ನಿಂತಾಗ ಈ ದಾಸ್ತಾನು ಕರಗತೊಡಗುತ್ತದೆ. ದಾಸ್ತಾನು ಮುಗಿಯುತ್ತ ಬಂದಂತೆ ಜೀವಕೋಶವು ರೈಬೋಸೋಮ್‌ಗಳ ಆರ್‌ಎನ್‌ಎ ಮತ್ತು ಪ್ರೋಟೀನ್‌ಗಳಿಗೂ ಕೈಹಾಕುತ್ತದೆ. ಕಣಜದ ಭತ್ತ ಮುಗಿದ ಮೇಲೆ ಮನೆಯ ತೊಲೆ ಕಿತ್ತು ಒಲೆಗೆ ಹಾಕಿದಂತೆ.

ಇದಕ್ಕೆ ಅಂತರ್ಜನ್ಯ ಉಸಿರಾಟ ಎಂದು ಹೆಸರು. ಬೆಳೆಯದೆ ಸುಮ್ಮನೆ ಬದುಕಿರುವುದಕ್ಕೂ ಶಕ್ತಿ ಬೇಕು: ಪೊರೆಯ ಆಚೀಚೆ ಅಯಾನುಗಳ ಅಂತರ ಕಾಯಬೇಕು, ಕೆಟ್ಟ ಪ್ರೋಟೀನ್ ಬದಲಿಸಬೇಕು. ಆ ವೆಚ್ಚ ನಿಲ್ಲುವಂಥದ್ದಲ್ಲ. ವೆಚ್ಚ ಭರಿಸಲಾಗದ ಜೀವಕೋಶಗಳು ಒಡೆಯುತ್ತವೆ, ಅವುಗಳ ಒಳಸರಕು ನೆರೆಯವರ ಊಟವಾಗುತ್ತದೆ. ಉಳಿಯುವ ಗೋಡೆಯ ಚೂರು, ಸಿಪ್ಪೆ ಸುಲಭಕ್ಕೆ ಕೊಳೆಯುವುದಿಲ್ಲ. ಈ ಕಸವೇ ವಾರಗಟ್ಟಲೆ ಟ್ಯಾಂಕಿನಲ್ಲಿ ಸೇರಿಕೊಳ್ಳುತ್ತ ಹೋಗುತ್ತದೆ, ಎಂಎಲ್‌ಎಸ್‌ಎಸ್ (ಟ್ಯಾಂಕಿನ ಒಂದು ಲೀಟರ್ ನೀರಿನಲ್ಲಿ ತೇಲುವ ಒಟ್ಟು ಘನ, ಮಿ.ಗ್ರಾಂ.ಗಳಲ್ಲಿ) ಅಂಕಿಯನ್ನು ಉಬ್ಬಿಸುತ್ತದೆ. ಅಂಕಿ 4,500 ಕಂಡು ‘ಬ್ಯಾಕ್ಟೀರಿಯಾ ಬೇಕಾದಷ್ಟಿದೆ’ ಎಂದುಕೊಳ್ಳುವವರು ಲೆಕ್ಕಕ್ಕೆ ಹಿಡಿಯುತ್ತಿರುವುದರಲ್ಲಿ ಅರ್ಧ ಬೂದಿ.

ಸ್ಲಡ್ಜನ್ನು ಹೀಗೆ ಉಳಿಸಿಕೊಂಡು ಮತ್ತೆ ಮತ್ತೆ ಬಳಸುವ ‘ಆ್ಯಕ್ಟಿವೇಟೆಡ್ ಸ್ಲಡ್ಜ್’ ವಿಧಾನವನ್ನು ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಕಟಿಸಿದರು. ಅವರ ಹಿಂದೆ ಸಲಹೆಗಾರನಾಗಿ ನಿಂತಿದ್ದ ಗಿಲ್ಬರ್ಟ್ ಫೌಲರ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕನಾಗಿ ಬಂದ. ಆ ನೂರು ವರ್ಷ ಹಳೆಯ ವಿದ್ಯೆಯೇ ಇಂದು ಇದೇ ಊರಿನ ಬೇಸ್‌ಮೆಂಟುಗಳಲ್ಲಿ ಗುಡುಗುತ್ತಿದೆ ಎಂಬುದು ವಿಷಯಾಂತರ, ಆದರೆ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಇನ್ನೊಂದು ಮಾತು ಮೊದಲೇ ತಿಳಿದಿರಬೇಕು. ಅಪಾರ್ಟ್‌ಮೆಂಟುಗಳಲ್ಲಿರುವುದು ಬಹುತೇಕ ‘ಎಕ್ಸ್‌ಟೆಂಡೆಡ್ ಏರೇಶನ್’ (ದೀರ್ಘಕಾಲ ಗಾಳಿ ಕೊಡುವ) ಮಾದರಿ. ಅದರ ವಿನ್ಯಾಸವೇ ಸ್ಲಡ್ಜನ್ನು ಸ್ವಲ್ಪ ಹಸಿವಿನಲ್ಲಿ ಇಡುವುದು, ಹೆಚ್ಚುವರಿ ಸ್ಲಡ್ಜ್ ಕಡಿಮೆ ಬರಲಿ ಎಂಬ ಉದ್ದೇಶದಿಂದ. ಆದ್ದರಿಂದ ಅಂತರ್ಜನ್ಯ ಉಸಿರಾಟ ಕಂಡೊಡನೆ ಅದನ್ನು ದೋಷ ಎನ್ನಬೇಡಿ. ಹಸಿವು ಉಪವಾಸಕ್ಕೆ ತಿರುಗಿದಾಗ ಮಾತ್ರ ಅದು ದೋಷ.

ಕಣ್ಣು, ಮೂಗು, ಸಿಲಿಂಡರ್

ಟ್ಯಾಂಕಿನ ಬಣ್ಣ ನೋಡಿ. ಆರೋಗ್ಯವಂತ ಸ್ಲಡ್ಜ್ ಹಾಲಿಲ್ಲದ ಕಾಫಿ ಡಿಕಾಕ್ಷನ್ನಿಗಿಂತ ತಿಳಿ, ಚಾಕೊಲೇಟ್ ಕಂದು. ಉಪವಾಸದ ಸ್ಲಡ್ಜ್ ಕಡುಗಂದು, ಕೆಲವೊಮ್ಮೆ ಕೆಂಪಿಗೆ ತಿರುಗಿದ ಕಂದು. ವಾಸನೆ ಹಸಿ ಮಣ್ಣಿನದು, ಕೊಳೆತದ್ದಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನಿಮ್ಮ ಸಮಸ್ಯೆ ಗಾಳಿಯ ಕೊರತೆ. ಈ ಕೈಪಿಡಿ ಅದಕ್ಕಲ್ಲ. ಬಿಳಿ ನೊರೆ ಉಕ್ಕುತ್ತಿದ್ದರೆ ಸ್ಲಡ್ಜ್ ಎಳೆಯದು, ಇದೂ ನಮ್ಮ ವಿಷಯವಲ್ಲ. ಜಿಡ್ಡುಜಿಡ್ಡಾದ, ಕೋಲಿನಿಂದ ಎತ್ತಬಹುದಾದ ಕಂದು ನೊರೆ ಮೂಲೆಗಳಲ್ಲಿ ನಿಂತಿದ್ದರೆ ಸ್ಲಡ್ಜಿಗೆ ವಯಸ್ಸಾಗಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಸ್ಯಾಂಪಲ್ ತೆಗೆಯಲು ಉದ್ದ ಹಿಡಿಯ ಮಗ್ ಬಳಸಿ. ಯಾವ ಕಾರಣಕ್ಕೂ ಯಾರನ್ನೂ ಟ್ಯಾಂಕಿಗೆ ಇಳಿಸಬೇಡಿ.

ಒಂದು ಲೀಟರ್ ಸಿಲಿಂಡರಿಗೆ ಟ್ಯಾಂಕಿನ ನೀರು ತುಂಬಿ ಅಲುಗಿಸದೆ ಇಡಿ. ಮೂವತ್ತು ನಿಮಿಷಕ್ಕೆ ಸ್ಲಡ್ಜ್ ಎಷ್ಟು ಮಿ.ಲೀ.ಗೆ ಇಳಿದಿದೆ ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ; ಮೊದಲ ಐದು ನಿಮಿಷ ನೋಡುವವರು ಕಡಿಮೆ. ಮುದಿ ಸ್ಲಡ್ಜ್ ಆ ಐದು ನಿಮಿಷದಲ್ಲೇ ದಡದಡನೆ ಕುಸಿಯುತ್ತದೆ. ಕುಸಿಯುವ ಅವಸರದಲ್ಲಿ ಸಣ್ಣ ಕಣಗಳನ್ನು ಜೊತೆಗೆ ಸೆಳೆದುಕೊಳ್ಳುವುದಿಲ್ಲ, ಅವು ಮೇಲೆ ಗುಂಡುಸೂಜಿಯ ತಲೆಯಂತೆ ತೇಲುತ್ತ ಉಳಿಯುತ್ತವೆ. ಫ್ಲಶ್ ಟ್ಯಾಂಕಿನಲ್ಲಿ ಕೂರುವ ಹುಡಿ ಇದೇ. ಎಂಎಲ್‌ಎಸ್‌ಎಸ್ ಲೀಟರಿಗೆ 4,500 ಮಿ.ಗ್ರಾಂ. ಇದ್ದು, ಮೂವತ್ತು ನಿಮಿಷಕ್ಕೆ 250 ಮಿ.ಲೀ.ಗೆ ಇಳಿದರೆ ಎಸ್‌ವಿಐ (ಒಂದು ಗ್ರಾಂ ಸ್ಲಡ್ಜ್ ಕೂತಾಗ ಹಿಡಿಯುವ ಜಾಗ, ಮಿ.ಲೀ.ಗಳಲ್ಲಿ) ಸುಮಾರು 56. ಕಾಗದದ ಮೇಲೆ ಇದು ಅತ್ಯುತ್ತಮ ಅಂಕಿ. ಮಾಸಿಕ ವರದಿಯಲ್ಲಿ ಇದನ್ನು ಹಸಿರು ಬಣ್ಣದಲ್ಲಿ ತೋರಿಸುತ್ತಾರೆ, ನೀರು ಮಾತ್ರ ಮಬ್ಬಾಗಿಯೇ ಇರುತ್ತದೆ.

ಸಿಲಿಂಡರನ್ನು ಚೆಲ್ಲಬೇಡಿ, ಇನ್ನೆರಡು ಗಂಟೆ ಹಾಗೇ ಇರಲಿ. ಕೆಳಗೆ ಕೂತ ಸ್ಲಡ್ಜ್ ಗುಳ್ಳೆ ಸಮೇತ ಮೇಲೆದ್ದರೆ ಒಳಗೆ ನೈಟ್ರೇಟ್ ತುಂಬಿದೆ ಎಂದರ್ಥ. ಕ್ಲಾರಿಫೈಯರಿನಲ್ಲಿ (ಸ್ಲಡ್ಜ್ ಕೂತು ತಿಳಿನೀರು ಬೇರೆಯಾಗುವ ಟ್ಯಾಂಕ್) ಚಪ್ಪಡಿ ಚಪ್ಪಡಿಯಾಗಿ ಸ್ಲಡ್ಜ್ ತೇಲುತ್ತಿದ್ದರೆ ಕಾರಣ ಇದೇ, ಸಾರಜನಕದ ಅನಿಲ ಅದನ್ನು ಎತ್ತುತ್ತಿದೆ. ಹಸಿವಿಗೂ ಇದಕ್ಕೂ ಸಂಬಂಧವಿದೆ, ಮುಂದೆ ಬರುತ್ತದೆ.

ಸೂಕ್ಷ್ಮದರ್ಶಕ ಇದ್ದರೆ ಒಂದು ಹನಿ ನೋಡಿ. ರೋಟಿಫರ್, ದುಂಡುಹುಳು, ಚಿಪ್ಪು ಹೊತ್ತ ಅಮೀಬಾ ಹೆಚ್ಚಿದ್ದು, ಚುರುಕಾಗಿ ಈಜುವ ಸಣ್ಣ ಜೀವಿಗಳು ಕಡಿಮೆಯಿದ್ದರೆ ಸ್ಲಡ್ಜ್ ಮುದಿ. ಮುಖ್ಯವಾಗಿ, ಅವು ಚಲಿಸುತ್ತಿದ್ದರೆ ಟ್ಯಾಂಕಿನಲ್ಲಿ ವಿಷವಿಲ್ಲ. ಎಲ್ಲವೂ ಮುದುಡಿ ನಿಶ್ಚಲವಾಗಿದ್ದರೆ ತಕ್ಷಣ ವಿಷದ ಕಡೆ ಯೋಚಿಸಿ.

ಬಾಟಲಿ ಪರೀಕ್ಷೆ

ಈ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಮೊದಲು ಮೀಟರ್ ಸರಿಮಾಡಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 25 ಡಿಗ್ರಿಯಲ್ಲಿ ಇಲ್ಲಿನ ನೀರು ಹಿಡಿಯಬಲ್ಲ ಆಮ್ಲಜನಕ ಲೀಟರಿಗೆ ಹೆಚ್ಚೆಂದರೆ 7.4 ಮಿ.ಗ್ರಾಂ. ಮಂಗಳೂರಿನಲ್ಲಾದರೆ 8.2ರ ಆಸುಪಾಸು. ಬೆಂಗಳೂರಿನ ಟ್ಯಾಂಕಿನಲ್ಲಿ ಮೀಟರ್ 8.5 ತೋರಿಸುತ್ತಿದ್ದರೆ ಎಲೆಕ್ಟ್ರೋಡನ್ನು ದೂರಿ, ಸ್ಲಡ್ಜನ್ನಲ್ಲ.

ಸ್ಯಾಂಪಲನ್ನು ಬೆಳಗಿನ ಜಾವ ತೆಗೆಯಬೇಕು, ಜನ ಎದ್ದು ಸ್ನಾನಕ್ಕೆ ಇಳಿಯುವ ಮೊದಲು. ಆ ಹೊತ್ತಿಗೆ ರಾತ್ರಿಯ ಊಟ ಜೀರ್ಣವಾಗಿ ಜೀವಕೋಶಗಳು ದಾಸ್ತಾನಿನ ಮೇಲೆ ಬದುಕುತ್ತಿರುತ್ತವೆ. ಒಂಬತ್ತು ಗಂಟೆಗೆ ತೆಗೆದ ಸ್ಯಾಂಪಲ್ ಬೇರೆಯೇ ಕಥೆ ಹೇಳುತ್ತದೆ.

ಅರ್ಧ ಲೀಟರ್ ಸ್ಲಡ್ಜ್ ನೀರನ್ನು ದೊಡ್ಡ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ ಗಾಳಿ ತುಂಬಿಸಿ. ಅದನ್ನು 300 ಮಿ.ಲೀ.ನ ಬಿಒಡಿ ಬಾಟಲಿಗೆ (ಆಮ್ಲಜನಕದ ಬೇಡಿಕೆ ಅಳೆಯಲು ಲ್ಯಾಬಿನಲ್ಲಿ ಬಳಸುವ ಬಾಟಲಿ) ಕತ್ತಿನವರೆಗೆ ಸುರಿಯಿರಿ, ಡಿಒ ಎಲೆಕ್ಟ್ರೋಡನ್ನು ಬಿಗಿಯಾಗಿ ಕೂರಿಸಿ. ಒಳಗೆ ಒಂದು ಗುಳ್ಳೆಯೂ ಉಳಿಯಬಾರದು. ಕಲಕುತ್ತಲೇ ಇರಬೇಕು, ಮ್ಯಾಗ್ನೆಟಿಕ್ ಸ್ಟಿರರ್ ಇಲ್ಲದಿದ್ದರೆ ಬಾಟಲಿಯನ್ನೇ ಮೆಲ್ಲಗೆ ತಿರುಗಿಸುತ್ತಿರಿ. ನಿಮಿಷಕ್ಕೊಮ್ಮೆ ಓದಿ, ಬರೆಯಿರಿ. ಮೊದಲ ಒಂದೆರಡು ನಿಮಿಷದ ಓದು ಕುಣಿಯುತ್ತದೆ, ಅದನ್ನು ಬಿಡಿ. ಆಮೇಲೆ ಅಂಕಿ ಗೆರೆ ಎಳೆದಂತೆ ಇಳಿಯಬೇಕು.

ಹದಿನೈದು ನಿಮಿಷದಲ್ಲಿ 6.8ರಿಂದ 5.8ಕ್ಕೆ ಇಳಿಯಿತು ಎಂದುಕೊಳ್ಳಿ. ಅಂದರೆ ಗಂಟೆಗೆ ಲೀಟರಿಗೆ 4 ಮಿ.ಗ್ರಾಂ. ಇದನ್ನು ಸ್ಲಡ್ಜಿನ ಸಾವಯವ ಭಾಗದಿಂದ, ಅಂದರೆ ಎಂಎಲ್‌ವಿಎಸ್‌ಎಸ್‌ನಿಂದ ಭಾಗಿಸಿ. ಅದು ಲೀಟರಿಗೆ 2.4 ಗ್ರಾಂ ಇದ್ದರೆ ಉತ್ತರ 1.7: ಒಂದು ಗ್ರಾಂ ಸಾವಯವ ಸ್ಲಡ್ಜ್ ಗಂಟೆಗೆ 1.7 ಮಿ.ಗ್ರಾಂ. ಆಮ್ಲಜನಕ ಉಸಿರಾಡುತ್ತಿದೆ. ಊಟ ಸಿಗುತ್ತಿರುವ ಸಾಮಾನ್ಯ ಸ್ಲಡ್ಜಿನಲ್ಲಿ ಇದು ಹತ್ತರ ಮೇಲೆ, ಇಪ್ಪತ್ತರವರೆಗೂ ಇರುತ್ತದೆ. ಹೋಲಿಕೆಗೆ, ವಿಲೇವಾರಿ ಮಾಡುವ ಸ್ಲಡ್ಜ್ ಸಾಕಷ್ಟು ಜೀರ್ಣವಾಗಿದೆ ಎನ್ನಲು ಅಮೆರಿಕದ ಪರಿಸರ ಸಂಸ್ಥೆ ಒಪ್ಪುವ ಮಿತಿಗಳಲ್ಲಿ ಒಂದು, ಪ್ರತಿ ಗ್ರಾಂ ಒಟ್ಟು ಘನಕ್ಕೆ ಗಂಟೆಗೆ 1.5 ಮಿ.ಗ್ರಾಂ. ಅಂದರೆ ನಿಮ್ಮ ಏರೇಶನ್ ಟ್ಯಾಂಕ್ ಈಗ ಕೊಳಚೆ ಸಂಸ್ಕರಣೆಗಿಂತ ಸ್ಲಡ್ಜ್ ಜೀರ್ಣಿಸುವ ಕೆಲಸವನ್ನೇ ಹೆಚ್ಚಾಗಿ ಮಾಡುತ್ತಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಪರೀಕ್ಷೆ ಅರ್ಧವೇ ಆಯಿತು. ಉಸಿರಾಟ ಕಡಿಮೆ ಎಂಬುದು ತಿಳಿಯಿತು. ಹಸಿವಿನಿಂದಲೋ ಸಾವಿನಿಂದಲೋ ತಿಳಿಯಲಿಲ್ಲ. ಈಗ ಊಟ ಹಾಕಿ ನೋಡಬೇಕು.

ಅದೇ ಸ್ಲಡ್ಜ್ 270 ಮಿ.ಲೀ. ತೆಗೆದುಕೊಂಡು, ಈಕ್ವಲೈಜೇಶನ್ ಟ್ಯಾಂಕಿನ (ಬಂದ ಕೊಳಚೆ ಮೊದಲು ಸೇರುವ ತೊಟ್ಟಿ) ಕಚ್ಚಾ ನೀರನ್ನು ಬಟ್ಟೆಯಲ್ಲಿ ಸೋಸಿ 30 ಮಿ.ಲೀ. ಸೇರಿಸಿ. ಮತ್ತೆ ಕುಲುಕಿ, ಮತ್ತೆ ಅದೇ ಕ್ರಮ. ಹಸಿದ ಸ್ಲಡ್ಜಿನ ವರ್ತನೆ ಇಲ್ಲಿ ಬಯಲಾಗುತ್ತದೆ. ಹದಿನೈದು ನಿಮಿಷ ತೆಗೆದುಕೊಂಡಿದ್ದ ಒಂದು ಮಿ.ಗ್ರಾಂ. ಇಳಿತ ಈಗ ನಾಲ್ಕೇ ನಿಮಿಷದಲ್ಲಿ ಮುಗಿಯಬಹುದು. ಮೀಟರಿನ ಕೊನೆಯ ಅಂಕಿ ಕಣ್ಣೆದುರೇ ಉರುಳುತ್ತದೆ. ಉಸಿರಾಟ ಮೂರು ನಾಲ್ಕು ಪಟ್ಟು ಏರಿದರೆ ಕಲ್ಚರ್ ಜೀವಂತ, ಕಿಣ್ವಗಳು ಸಿದ್ಧ, ಕೊರತೆ ಊಟದ್ದು ಮಾತ್ರ. ಬ್ಯಾಕ್ಟೀರಿಯಾ ಪುಡಿಯ ಬಿಲ್ಲನ್ನು ಹರಿದು ಹಾಕಬಹುದು.

ಏರದಿದ್ದರೆ ಅವಸರ ಬೇಡ. ಕಚ್ಚಾ ನೀರೇ ತೆಳುವಾಗಿರಬಹುದು. ಮಳೆನೀರೋ ಸೋರುವ ನಲ್ಲಿಯ ನೀರೋ ಒಳಗೆ ಸೇರಿದಾಗ ಹೀಗಾಗುತ್ತದೆ. ಕಚ್ಚಾ ನೀರಿನ ಬದಲು ಚಿಟಿಕೆ ಸೋಡಿಯಂ ಅಸಿಟೇಟ್ ಹಾಕಿ ನೋಡಿ. ಅಸಿಟೇಟಿಗೆ ಏರಿ ಕಚ್ಚಾ ನೀರಿಗೆ ಏರದಿದ್ದರೆ ಕೊಳಚೆ ತೆಳು. ಎರಡಕ್ಕೂ ಏರದಿದ್ದರೆ ಸ್ಲಡ್ಜ್ ನಿಜಕ್ಕೂ ಪೆಟ್ಟು ತಿಂದಿದೆ. ಕಚ್ಚಾ ನೀರು ಹಾಕಿದಾಗ ಉಸಿರಾಟ ಮೊದಲಿಗಿಂತಲೂ ಕುಸಿದರೆ ವಿಷ ಆ ನೀರಿನಲ್ಲೇ ಇದೆ: ಈಜುಕೊಳದ ಕ್ಲೋರಿನ್ ಮಿಶ್ರಿತ ನೀರು, ಸಾಫ್ಟ್‌ನರ್ ತೊಳೆದ ಉಪ್ಪುನೀರು, ಒಟ್ಟಿಗೇ ಸುರಿದ ಫಿನಾಯಿಲ್ ಮತ್ತು ಆಸಿಡ್. ಹೌಸ್‌ಕೀಪಿಂಗ್ ಸಿಬ್ಬಂದಿಯನ್ನು ಗದರಿಸದೆ ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಅಸಿಟೇಟಿಗೆ ಏರಿ, ಅಮೋನಿಯಂ ಕ್ಲೋರೈಡ್ ಚಿಟಿಕೆಗೆ ಏರದಿರುವ ಸಂದರ್ಭವೂ ಇದೆ. ಆಗ ಸಾವಯವ ಪದಾರ್ಥ ತಿನ್ನುವ ಬ್ಯಾಕ್ಟೀರಿಯಾಗಳು ಬದುಕಿವೆ, ಅಮೋನಿಯವನ್ನು ನೈಟ್ರೇಟ್ ಮಾಡುವವು ಹೋಗಿವೆ. ಅವು ನಿಧಾನಕ್ಕೆ ಬೆಳೆಯುವ ಜಾತಿ, ಮರಳಲು ವಾರಗಳೇ ಬೇಕು.

ಲೆಕ್ಕ

ಹಸಿವು ಎಂದು ಖಚಿತವಾದ ಮೇಲೆ ಎಷ್ಟು ಹಸಿವು ಎಂಬ ಪ್ರಶ್ನೆ. 200 ಘನ ಮೀಟರ್ ಏರೇಶನ್ ಟ್ಯಾಂಕಿಗೆ ದಿನಕ್ಕೆ 200 ಘನ ಮೀಟರ್ ಕೊಳಚೆ ಬರುತ್ತದೆಂದು ಕಟ್ಟಿದ ಪ್ಲಾಂಟ್, ಬರುತ್ತಿರುವುದು 80 ಎಂದಿಟ್ಟುಕೊಳ್ಳಿ. ಬಿಒಡಿ (ಕೊಳಚೆಯ ಸಾವಯವ ಪದಾರ್ಥವನ್ನು ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 250 ಮಿ.ಗ್ರಾಂ. ಎಂದರೆ ದಿನದ ಊಟ 20 ಕಿಲೊ. ಉಣ್ಣುವವರು, ಅಂದರೆ ಟ್ಯಾಂಕಿನ ಸಾವಯವ ಸ್ಲಡ್ಜ್, 480 ಕಿಲೊ. ಅನುಪಾತ 0.04. ಸಾಮಾನ್ಯ ಆ್ಯಕ್ಟಿವೇಟೆಡ್ ಸ್ಲಡ್ಜ್ ಪ್ಲಾಂಟಿಗೆ ಇದು 0.2ರಿಂದ 0.4, ಎಕ್ಸ್‌ಟೆಂಡೆಡ್ ಏರೇಶನ್ನಿಗೆ 0.05ರಿಂದ 0.15 ಇರಬೇಕು. ಹಸಿವಿನ ವಿನ್ಯಾಸಕ್ಕೂ ಇದು ಕಡಿಮೆಯಾಯಿತು.

ಬಾಟಲಿಯ ಅಂಕಿಯನ್ನು ಟ್ಯಾಂಕಿಗೆ ವಿಸ್ತರಿಸಿದರೆ ಚಿತ್ರ ಇನ್ನೂ ಸ್ಪಷ್ಟ. ಗಂಟೆಗೆ ಲೀಟರಿಗೆ 4 ಮಿ.ಗ್ರಾಂ. ಎಂದರೆ ಇಡೀ ಟ್ಯಾಂಕಿಗೆ ದಿನಕ್ಕೆ 19 ಕಿಲೊ ಆಮ್ಲಜನಕ. ಬ್ಯಾಕ್ಟೀರಿಯಾದ ಒಣ ತೂಕ ಒಂದು ಕಿಲೊ ಪೂರ್ತಿ ಸುಡಲು 1.42 ಕಿಲೊ ಆಮ್ಲಜನಕ ಬೇಕು. ಹಾಗಾಗಿ ದಿನಕ್ಕೆ ಸುಮಾರು 13 ಕಿಲೊ ಜೀವಕೋಶ ಒಳಗೊಳಗೇ ಉರಿದುಹೋಗುತ್ತಿದೆ. 20 ಕಿಲೊ ಬಿಒಡಿಯಿಂದ ಹೊಸದಾಗಿ ಹುಟ್ಟುವುದು ಹತ್ತರಿಂದ ಹನ್ನೆರಡು ಕಿಲೊ. ಗಳಿಕೆ ಖರ್ಚಿಗೆ ಸಾಲುತ್ತಿಲ್ಲ. ‘ನಮ್ಮ ಪ್ಲಾಂಟಿನಲ್ಲಿ ಸ್ಲಡ್ಜೇ ಹೆಚ್ಚಾಗುವುದಿಲ್ಲ, ತೆಗೆಯುವ ತಾಪತ್ರಯವೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವ ಕಡೆ ನಡೆಯುತ್ತಿರುವುದು ಇದೇ.

ಎಂಎಲ್‌ವಿಎಸ್‌ಎಸ್ ಮತ್ತು ಎಂಎಲ್‌ಎಸ್‌ಎಸ್ ಅನುಪಾತವನ್ನೂ ಬರೆದಿಡಿ. ಇಲ್ಲಿ 2.4ಕ್ಕೆ 4.5, ಅಂದರೆ 0.53. ಚೆನ್ನಾಗಿ ಉಣ್ಣುವ ಸ್ಲಡ್ಜಿನಲ್ಲಿ 0.7ರಿಂದ 0.8. ಅನೇಕ ಲ್ಯಾಬ್ ವರದಿಗಳಲ್ಲಿ ಎಂಎಲ್‌ಎಸ್‌ಎಸ್ ಮಾತ್ರ ಇರುತ್ತದೆ. ಎಂಎಲ್‌ವಿಎಸ್‌ಎಸ್ ಕೇಳಿ ಪಡೆಯಿರಿ.

ಇಂಥ ಟ್ಯಾಂಕಿನಲ್ಲಿ ಪಿಎಚ್ ಏಕೆ ಇಳಿಯುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಜೀವಕೋಶದ ಒಣ ತೂಕದಲ್ಲಿ ಸುಮಾರು ಶೇ. 12 ಸಾರಜನಕ. ಕೋಶ ಉರಿದಾಗ ಅದು ಅಮೋನಿಯವಾಗಿ ಹೊರಬಂದು, ಗಾಳಿ ಹೇರಳವಾಗಿರುವ ಟ್ಯಾಂಕಿನಲ್ಲಿ ನೈಟ್ರೇಟ್ ಆಗುತ್ತದೆ. ಹೀಗೆ ಬದಲಾಗುವ ಪ್ರತಿ ಮಿ.ಗ್ರಾಂ. ಅಮೋನಿಯ ಸಾರಜನಕ 7.14 ಮಿ.ಗ್ರಾಂ. ಕ್ಷಾರೀಯತೆಯನ್ನು (ಆಮ್ಲವನ್ನು ತಡೆದುಕೊಳ್ಳುವ ಗುಣ) ನುಂಗುತ್ತದೆ. ಕೊಳಚೆಯ ಅಮೋನಿಯದ ಜೊತೆಗೆ ಇದೂ ಸೇರಿದಾಗ ನೀರಿನ ಕ್ಷಾರೀಯತೆ ಬರಿದಾಗಿ ಪಿಎಚ್ 6.5ಕ್ಕಿಂತ ಕೆಳಗಿಳಿಯಬಹುದು. ಬೋರ್‌ವೆಲ್ ನೀರು ಬಳಸುವ ಕಡೆ ಕ್ಷಾರೀಯತೆ ಸಾಮಾನ್ಯವಾಗಿ ಹೆಚ್ಚಿರುವುದರಿಂದ ತೊಂದರೆ ತಡವಾಗಿ ಕಾಣುತ್ತದೆ. ಸುಣ್ಣ ಹಾಕಿದರೆ ಪಿಎಚ್ ಏರುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಸರಿಪಡಿಸುವುದು

ಬೆಲ್ಲ ಬೇಡ. ಸಕ್ಕರೆಯ ಊಟದಲ್ಲಿ ಸಾರಜನಕವೂ ಇಲ್ಲ, ರಂಜಕವೂ ಇಲ್ಲ. ನೂಲಿನಂಥ ಬ್ಯಾಕ್ಟೀರಿಯಾ ಎದ್ದು ಸ್ಲಡ್ಜ್ ಕೂರುವುದೇ ನಿಲ್ಲಬಹುದು. ಬೆಲ್ಲ ನಿಲ್ಲಿಸಿದ ದಿನ ಮತ್ತೆ ಅದೇ ಹಸಿವು. ಊಟ ಹೆಚ್ಚಿಸಲು ಆಗುವುದಿಲ್ಲ, ಜನ ಬಂದಷ್ಟೇ ಕೊಳಚೆ. ಆದ್ದರಿಂದ ಉಣ್ಣುವವರನ್ನು ಕಡಿಮೆ ಮಾಡಬೇಕು.

ಮೇಲಿನ ಉದಾಹರಣೆಯಲ್ಲಿ ಅನುಪಾತ 0.08ಕ್ಕೆ ಬರಬೇಕಾದರೆ ಸಾವಯವ ಸ್ಲಡ್ಜ್ 250 ಕಿಲೊ ಸಾಕು. ಎಂಎಲ್‌ಎಸ್‌ಎಸ್ ಎರಡು ಸಾವಿರದಿಂದ ಎರಡೂವರೆ ಸಾವಿರದ ನಡುವೆ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಈಗ ಒಟ್ಟು 900 ಕಿಲೊ ಇದೆ. ಒಂದೇ ದಿನ ಟ್ಯಾಂಕರ್ ತರಿಸಿ ಅರ್ಧ ಖಾಲಿ ಮಾಡಿಸುವುದು ಆಕರ್ಷಕವಾಗಿ ಕಾಣುತ್ತದೆ, ಆದರೆ ನಿಧಾನಕ್ಕೆ ಬೆಳೆಯುವ ನೈಟ್ರೇಟ್ ಬ್ಯಾಕ್ಟೀರಿಯಾಗಳಿಗೆ ಆ ಪೆಟ್ಟು ಜೋರು. ಕ್ಲಾರಿಫೈಯರಿನಿಂದ ಮರಳುವ ರಿಟರ್ನ್ ಸ್ಲಡ್ಜ್ ಲೀಟರಿಗೆ 9 ಗ್ರಾಂ ಇದ್ದರೆ ದಿನಕ್ಕೆ 5 ಘನ ಮೀಟರಿನಂತೆ ನೀರು ಹಿಂಡುವ ಫಿಲ್ಟರ್ ಪ್ರೆಸ್‌ಗೆ ಕಳಿಸಿ. 45 ಕಿಲೊ, ಒಟ್ಟಿನ ಶೇ. 5. ಹತ್ತು ಹನ್ನೆರಡು ದಿನದಲ್ಲಿ ಗುರಿ ಮುಟ್ಟುತ್ತೀರಿ. ದಿನಕ್ಕೆ ಶೇ. 10ಕ್ಕಿಂತ ಹೆಚ್ಚು ತೆಗೆಯಬೇಡಿ.

ಜೊತೆಗೇ ಬ್ಲೋವರಿಗೆ ಟೈಮರ್ ಹಾಕಿ. ಟ್ಯಾಂಕಿನಲ್ಲಿ ಡಿಒ 1.5ರಿಂದ 2 ಇದ್ದರೆ ಸಾಕು. ಐದಾರು ಇದ್ದರೆ ಕರೆಂಟ್ ದಂಡ, ಮೇಲಾಗಿ ಅತಿಯಾದ ಕಲಕಾಟಕ್ಕೆ ಸ್ಲಡ್ಜಿನ ಗಂಟುಗಳು ಒಡೆದು ಹುಡಿಯಾಗುತ್ತವೆ. ಎರಡು ಗಂಟೆ ಓಡಿಸಿ ಒಂದು ಗಂಟೆ ನಿಲ್ಲಿಸುವುದರಿಂದ ಆರಂಭಿಸಿ. ನಿಂತ ಹೊತ್ತಿನಲ್ಲಿ ನೈಟ್ರೇಟ್ ಸಾರಜನಕವಾಗಿ ಹಾರಿಹೋಗುತ್ತದೆ, ಕಳೆದುಕೊಂಡ ಕ್ಷಾರೀಯತೆಯ ಅರ್ಧದಷ್ಟು ಮರಳುತ್ತದೆ. ಅದು ಹಾರಬೇಕಾದ್ದು ಏರೇಶನ್ ಟ್ಯಾಂಕಿನಲ್ಲಿ, ಕ್ಲಾರಿಫೈಯರಿನಲ್ಲಲ್ಲ. ರಬ್ಬರ್ ಪೊರೆಯ ಡಿಫ್ಯೂಸರ್ ಗಾಳಿ ನಿಂತಾಗ ತಾನೇ ಮುಚ್ಚಿಕೊಳ್ಳುತ್ತದೆ. ಸಿರಾಮಿಕ್ ಆಗಿದ್ದರೆ ಕಟ್ಟಿಕೊಳ್ಳುವ ಭಯವಿದೆ, ಅಲ್ಲಿ ಪೂರ್ತಿ ನಿಲ್ಲಿಸದೆ ಗಾಳಿ ತಗ್ಗಿಸಿ.

ಎರಡು ಏರೇಶನ್ ಟ್ಯಾಂಕುಗಳಿದ್ದರೆ ಒಂದನ್ನು ಮುಚ್ಚುವುದು ಎಲ್ಲಕ್ಕಿಂತ ಸುಲಭ. ಎಸ್‌ಬಿಆರ್ (ಒಂದೇ ಟ್ಯಾಂಕಿನಲ್ಲಿ ಸರದಿಯಂತೆ ತುಂಬಿ, ಗಾಳಿ ಕೊಟ್ಟು, ಕೂರಿಸುವ ಮಾದರಿ) ಆಗಿದ್ದರೆ ಸೈಕಲ್ ಬದಲಿಸಿದರೆ ಆಯಿತು. ಎಂಬಿಬಿಆರ್‌ಗೆ ಈ ಸ್ಲಡ್ಜ್ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಜೀವಿಗಳು ಪ್ಲಾಸ್ಟಿಕ್ ಬಿಲ್ಲೆಗೆ ಅಂಟಿರುತ್ತವೆ.

ವಾರಕ್ಕೆರಡು ಬಾರಿ ಬಾಟಲಿ ಪರೀಕ್ಷೆ ಮುಂದುವರಿಸಿ. ಬೆಳಗಿನ ಜಾವದ ಅಂಕಿ ಪ್ರತಿ ಗ್ರಾಮಿಗೆ 3ರಿಂದ 5ರ ಕಡೆ ಏರುತ್ತಿದ್ದರೆ, ಸಿಲಿಂಡರಿನ ಮೇಲ್ನೀರು ತಿಳಿಯಾಗುತ್ತಿದ್ದರೆ ದಾರಿ ಸರಿಯಿದೆ. ತೆಗೆಯುವುದನ್ನು ಕಡಿಮೆ ಮಾಡಿ, ಆದರೆ ನಿಲ್ಲಿಸಬೇಡಿ.

ಹಾಸ್ಟೆಲ್‌ಗಳಿಗೆ ಪ್ರತ್ಯೇಕ ಮಾತು. ರಜೆ ಶುರುವಾಗುವ ಹಿಂದಿನ ವಾರವೇ ಸ್ಲಡ್ಜ್ ತಗ್ಗಿಸಿ, ಬ್ಲೋವರಿನ ಅವಧಿ ಮೂರನೇ ಒಂದಕ್ಕೆ ಇಳಿಸಿ. ದಾಸ್ತಾನು ಎಷ್ಟು ನಿಧಾನಕ್ಕೆ ಉರಿದರೆ ಅಷ್ಟು ದಿನ ಬಾಳುತ್ತದೆ. ವಿದ್ಯಾರ್ಥಿಗಳು ಮರಳಿ ಒಮ್ಮೆಗೇ ಪೂರ್ತಿ ಕೊಳಚೆ ಬಂದಾಗ ಹಸಿದ ಜೀವಕೋಶಗಳು ಮೊದಲು ತಮ್ಮ ದಾಸ್ತಾನನ್ನು ತುಂಬಿಕೊಳ್ಳುತ್ತವೆ. ಹಾಗಾಗಿ ಬಿಒಡಿ ಅಚ್ಚರಿಯಾಗುವಷ್ಟು ಬೇಗ ಇಳಿಯುತ್ತದೆ, ವರದಿ ನೋಡಿದವರು ಎಲ್ಲವೂ ಸರಿಹೋಯಿತು ಎಂದುಕೊಳ್ಳುತ್ತಾರೆ. ಅಮೋನಿಯ ಇಳಿಯಲು ಇನ್ನೂ ಒಂದೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಸ್ಲಡ್ಜ್ ತೆಗೆಯುವ ವಾಲ್ವ್ ಮುಚ್ಚಿರಲಿ, ಬ್ಲೋವರ್ ಪೂರ್ಣಾವಧಿ ಓಡಲಿ.